ಮುಳ್ಳು ಕೆಂಪು ಗೆರೆ ಮುಟ್ಟಿದಾಗ: ಹಳೆ ಗಾಡಿಯ ಎಂಜಿನ್ ಕಾಯುವುದು ಏಕೆ, ಪತ್ತೆ ಹೇಗೆ

ಏಪ್ರಿಲ್ ಮಧ್ಯಾಹ್ನ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹಳೆ ಕಾರೊಂದು ಬಾನೆಟ್ ಎತ್ತಿಕೊಂಡು ಪಕ್ಕಕ್ಕೆ ನಿಂತಿರುವುದು ಅಪರೂಪದ ನೋಟವಲ್ಲ. ಒಬ್ಬರ ಕೈಯಲ್ಲಿ ನೀರಿನ ಬಾಟಲಿ, ಇನ್ನೊಬ್ಬರ ಕಿವಿಯಲ್ಲಿ ಫೋನು. ಆ ಕಡೆಯ ಮೆಕ್ಯಾನಿಕ್ ಹೇಳುವ ಮಾತೂ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ: "ಥರ್ಮೋಸ್ಟಾಟ್ ಕಿತ್ತಾಕ್ಬಿಡಿ ಸಾರ್", "ರೇಡಿಯೇಟರ್ ಬ್ಲಾಕ್ ಆಗಿರ್ಬೇಕು", "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಳಕೊಂಡ್ ಬನ್ನಿ". ಮೂರೂ ನಿಜವಿರಬಹುದು, ಮೂರೂ ತಪ್ಪಿರಬಹುದು. ಮೊದಲನೆಯದಕ್ಕೆ ಕೆಲವು ನೂರು ರೂಪಾಯಿ ಸಾಕು, ಕೊನೆಯದಕ್ಕೆ ಸಾವಿರಗಳ ಲೆಕ್ಕ.

ಎಂಜಿನ್ ಕಾಯುವುದು ಜ್ವರದ ಹಾಗೆ. ಅದು ರೋಗವಲ್ಲ, ಲಕ್ಷಣ. ಜ್ವರ ಬೆಳಿಗ್ಗೆ ಬರುತ್ತದೋ ಸಂಜೆಗೋ, ಚಳಿ ಜೊತೆಗಿದೆಯೋ ಎಂದು ವೈದ್ಯರು ಕೇಳುವಂತೆ ಇಲ್ಲೂ ಮೊದಲ ಪ್ರಶ್ನೆ ಒಂದೇ: ಗಾಡಿ ಬಿಸಿಯಾಗುವುದು ಯಾವಾಗ? ನಿಂತಾಗಲೋ, ಓಡುವಾಗಲೋ, ಏರು ಹತ್ತುವಾಗಲೋ, ಸ್ಟಾರ್ಟ್ ಮಾಡಿದ ಹತ್ತೇ ನಿಮಿಷಕ್ಕೋ? ಇದಕ್ಕೆ ಸರಿಯಾದ ಉತ್ತರವಿದ್ದರೆ ಅರ್ಧ ಪತ್ತೆ ಮುಗಿದಂತೆ.

## ಬಿಸಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಇನ್ನೊಂದು ಪಾಲು ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಜೊತೆ ಹೊರಟುಹೋಗುತ್ತದೆ. ಉಳಿದ ಪಾಲು ಎಂಜಿನ್ನಿನ ಲೋಹಕ್ಕೆ ಇಳಿಯುತ್ತದೆ. ಅದನ್ನು ಅಲ್ಲಿಂದ ಹೊತ್ತೊಯ್ದು ಗಾಳಿಗೆ ಬಿಡುವುದೇ ಕೂಲಿಂಗ್ ವ್ಯವಸ್ಥೆಯ ಕೆಲಸ.

ಹೊರುವುದು ನೀರು. ವಾಟರ್ ಪಂಪ್ ಅದನ್ನು ಎಂಜಿನ್ನಿನೊಳಗಿನ ದಾರಿಗಳಲ್ಲಿ ತಳ್ಳುತ್ತದೆ. ಬಿಸಿಯಾದ ನೀರು ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರ್‌ಗೆ ಬಂದು, ಸಣ್ಣ ನಳಿಕೆಗಳಲ್ಲಿ ಹಾಯುವಾಗ ಗಾಳಿಗೆ ಬಿಸಿ ಬಿಟ್ಟು, ಕೆಳಗಿನ ಹೋಸಿನಿಂದ ಎಂಜಿನ್ನಿಗೆ ಮರಳುತ್ತದೆ. ಗಾಡಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನ್ ಎಳೆಯಬೇಕು. ಹಳೆ ಜೀಪುಗಳಲ್ಲಿ, ಅಂಬಾಸಿಡರ್‌ನಲ್ಲಿ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ. ಮಾರುತಿ 800, ಝೆನ್ ತರಹದವುಗಳಲ್ಲಿ ಅದು ಕರೆಂಟಿನದು, ನೀರು ತೊಂಬತ್ತು ಡಿಗ್ರಿ ದಾಟಿದ ಮೇಲೆ ತಾನೇ ಹತ್ತಿಕೊಳ್ಳುತ್ತದೆ.

ಈ ದಾರಿಯಲ್ಲಿ ಕಾವಲಿಗೆ ಕೂತಿರುವುದು ಥರ್ಮೋಸ್ಟಾಟ್. ಕಾಲುವೆಯ ತೂಬಿನ ಹಾಗೆ ಅಂದುಕೊಳ್ಳಿ. ಎಂಜಿನ್ ತಣ್ಣಗಿರುವಾಗ ತೂಬು ಮುಚ್ಚಿರುತ್ತದೆ, ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಸುಮಾರು 82 ಡಿಗ್ರಿಗೆ ಒಳಗಿನ ಮೇಣ ಕರಗಿ ಹಿಗ್ಗಿ ತೂಬು ತೆರೆಯುತ್ತದೆ. ಬಹಳಷ್ಟು ಎಂಜಿನ್‌ಗಳು ನೆಮ್ಮದಿಯಾಗಿರುವುದು 80ರಿಂದ 95 ಡಿಗ್ರಿಯ ನಡುವೆ. ತೀರಾ ತಣ್ಣಗಿದ್ದರೂ ಅದಕ್ಕೆ ಒಳ್ಳೆಯದಲ್ಲ.

## ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳವಲ್ಲ

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ ಪ್ರತಿ 300 ಮೀಟರಿಗೆ ಹತ್ತಿರ ಹತ್ತಿರ ಒಂದು ಡಿಗ್ರಿ ಕಡಿಮೆ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಹಾಗಾಗಿ ಇಲ್ಲಿ ನೀರು 97 ಡಿಗ್ರಿ ದಾಟುತ್ತಲೇ ಕುದಿಯುತ್ತದೆ. ಸಾವಿರ ಮೀಟರ್ ಮೀರಿದ ಚಾಮುಂಡಿ ಬೆಟ್ಟದ ಮೇಲೆ ಇನ್ನೊಂದು ಡಿಗ್ರಿ ಮೊದಲೇ. ಫ್ಯಾನ್ ಹತ್ತಿಕೊಳ್ಳುವುದೇ ತೊಂಬತ್ತರ ಮೇಲೆ ಎಂದಮೇಲೆ ಬರೀ ನೀರು ತೆರೆದ ಪಾತ್ರೆಯಲ್ಲಿದ್ದರೆ ಉಳಿಯುವ ಅಂತರ ಎಷ್ಟು ಕಡಿಮೆ, ನೋಡಿ.

ಅದಕ್ಕೇ ಕ್ಯಾಪ್. ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಅದರ ಸ್ಪ್ರಿಂಗ್ ಮಾಡುತ್ತದೆ. ಕ್ಯಾಪಿನ ಮೇಲೆ 0.9 ಎಂದೋ 13 ಎಂದೋ ಒತ್ತಿರುತ್ತದೆ. ಮೊದಲನೆಯದು ಬಾರ್, ಎರಡನೆಯದು ಪಿಎಸ್‌ಐ, ಎರಡೂ ಒಂದೇ ಒತ್ತಡ. ಅಷ್ಟು ಒತ್ತಡ ನಿಂತರೆ ಮೈಸೂರಿನಲ್ಲೂ ಬರೀ ನೀರು 117 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ನೀರಿಗೆ ಬೆರೆಸುವ ಕೂಲಂಟ್ ಎಂಬ ದ್ರವ ಸೇರಿದ್ದರೆ ಇನ್ನೂ ಏಳೆಂಟು ಡಿಗ್ರಿ ಹೆಚ್ಚು ತಡೆಯುತ್ತದೆ.

ಕ್ಯಾಪಿನ ಅಡಿಯ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಈ ಇಪ್ಪತ್ತು ಡಿಗ್ರಿಯ ಅಂತರವೇ ಹೋಯಿತು. ಉಳಿದೆಲ್ಲ ಸರಿಯಿದ್ದರೂ ಗಾಡಿ ಕುದಿಯುತ್ತದೆ, ಉಕ್ಕಿದ ನೀರು ಹಿಡಿಯುವ ಪಕ್ಕದ ಬಾಟಲಿ ತುಂಬಿ ಚೆಲ್ಲುತ್ತದೆ. ಕ್ಯಾಪಿನ ನಡುವೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಇನ್ನೊಂದು ವಾಲ್ವ್ ಇದೆ. ಎಂಜಿನ್ ತಣ್ಣಗಾಗುವಾಗ ಬಾಟಲಿಯ ನೀರನ್ನು ವಾಪಸ್ ಒಳಗೆ ಬಿಡುವುದು ಅದು. ಬೆಳಿಗ್ಗೆ ಎದ್ದು ನೋಡಿದರೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಸೆಳೆದುಕೊಂಡಿದೆಯೇ? ಹಾಗಾದರೆ ಆ ಪುಟ್ಟ ವಾಲ್ವ್ ಕಚ್ಚಿಕೊಂಡಿದೆ. ಹಳೆ ಗಾಡಿಯಲ್ಲಿ ಕ್ಯಾಪ್ ಎಷ್ಟು ವರ್ಷದ್ದೆಂದು ತಿಳಿಯದಿದ್ದರೆ, ಅದೇ ಒತ್ತಡದ ಹೊಸ ಕ್ಯಾಪ್ ಹಾಕಿಯೇ ಮುಂದಿನ ಪತ್ತೆಗೆ ಹೋಗುವುದು ಲೇಸು. ಹೆಚ್ಚಿನ ಒತ್ತಡದ ಕ್ಯಾಪ್ ಹಾಕಿದರೆ ಇನ್ನೂ ಒಳ್ಳೆಯದೆಂಬ ಲೆಕ್ಕಾಚಾರ ಬೇಡ, ಮುದಿ ಹೋಸ್ ಪೈಪು ಹರಿಯುತ್ತದೆ.

## ದಾರಿಯಲ್ಲೇ ಮುಳ್ಳು ಏರಿದರೆ

ಎದುರಿನ ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳು ಏರತೊಡಗಿದರೆ ಮೊದಲು ಏಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋಯರ್ ಜೋರಾಗಿಡಿ. ಬೇಸಿಗೆಯಲ್ಲಿ ಇದು ಹಿಂಸೆಯೇ, ಆದರೆ ಹೀಟರ್ ಎಂಬುದು ಇನ್ನೊಂದು ಚಿಕ್ಕ ರೇಡಿಯೇಟರ್. ಅಷ್ಟು ಬಿಸಿ ಎಂಜಿನ್ನಿಂದ ಹೊರಬಂದಂತಾಯಿತು. ಮುಳ್ಳು ಇಳಿಯದಿದ್ದರೆ, ಆವಿ ಕಂಡರೆ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಇನ್ನೆರಡು ಕಿಲೋಮೀಟರ್, ಮನೆ ಬಂತು" ಎಂಬ ಆಸೆಯಲ್ಲೇ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬೆಂಡಾಗುವುದು.

ಕ್ಯಾಪ್ ಮುಟ್ಟುವುದು ಮುಕ್ಕಾಲು ಗಂಟೆಯ ನಂತರ. ವೆಯ್ಟ್ ಇಳಿಯದ ಕುಕ್ಕರ್ ಮುಚ್ಚಳ ತೆಗೆದರೆ ಏನಾಗುತ್ತದೋ ಇಲ್ಲೂ ಅದೇ: ಒತ್ತಡ ತಪ್ಪಿದ ಕೂಡಲೇ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಹೋಸನ್ನು ಹಿಚುಕಿ ನೋಡಿ, ಮೆತ್ತಗಿದ್ದರೆ ಮಾತ್ರ ದಪ್ಪ ಬಟ್ಟೆ ಹಾಕಿ ನಿಧಾನ ತಿರುಗಿಸಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು, ಒಳಗೂ ತಣ್ಣೀರು ಒಮ್ಮೆಲೇ ಹೊಯ್ಯಬಾರದು. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಅದು ಚಟಪಟ ಅನ್ನುತ್ತದೆ, ಅಷ್ಟೇ. ಎರಕದ ಲೋಹ ಬಿರುಕು ಬಿಡುತ್ತದೆ.

ಇನ್ನೊಂದು ಮೋಸವಿದೆ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರೆಲ್ಲ ಸೋರಿಹೋದರೆ ಅದು ಒಣಗಿ ನಿಲ್ಲುತ್ತದೆ, ಮುಳ್ಳು ಏರುವುದರ ಬದಲು ಕೆಳಗಿಳಿಯಲೂಬಹುದು. ಏರುತ್ತಿದ್ದ ಮುಳ್ಳು ಕಾರಣವಿಲ್ಲದೆ ದಿಢೀರನೆ ಬಿದ್ದು, ಎಂಜಿನ್ನಿಂದ ಟಕಟಕ ಸದ್ದು, ಕಾದ ವಾಸನೆ ಬಂದರೆ ಸಮಾಧಾನಪಡಬೇಡಿ, ನಿಲ್ಲಿಸಿ.

## ಯಾವಾಗ ಕಾಯುತ್ತದೆ: ಇಲ್ಲಿಂದ ಪತ್ತೆ ಶುರು

ನಿಂತಾಗ ಬಿಸಿ, ಓಡಿದರೆ ಸರಿ. ದಸರಾ ದೀಪಾಲಂಕಾರದ ಹೊತ್ತಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ತೆವಳುವಾಗ ಮುಳ್ಳು ಏರುತ್ತದೆ, ರಿಂಗ್ ರಸ್ತೆಗೆ ಬಿದ್ದು ಐವತ್ತರ ವೇಗ ಹಿಡಿದರೆ ಇಳಿಯುತ್ತದೆ. ಓಡುವಾಗಿನ ಗಾಳಿ ಸಾಕಾಗುತ್ತಿದೆ, ನಿಂತಾಗ ಗಾಳಿ ಇಲ್ಲ ಎಂದರ್ಥ. ತಪ್ಪು ಬಹುತೇಕ ಫ್ಯಾನಿನದು.

ಕರೆಂಟ್ ಫ್ಯಾನ್ ಆದರೆ ಮೊದಲು ಫ್ಯೂಸ್, ಆಮೇಲೆ ರಿಲೇ ನೋಡಿ. ನಂತರ ಫ್ಯಾನ್ ಮೋಟಾರಿನ ಸಾಕೆಟ್ ಕಿತ್ತು ಎರಡು ವಯರಿನಿಂದ ನೇರ ಬ್ಯಾಟರಿಯ ಕರೆಂಟ್ ಕೊಡಿ. ತಿರುಗದಿದ್ದರೆ ಮೋಟಾರ್ ಸತ್ತಿದೆ, ಬಹಳ ಸಲ ಕಾರ್ಬನ್ ಬ್ರಷ್ ಸವೆದಿರುತ್ತದೆ. ತಿರುಗಿದರೆ ಮೋಟಾರ್ ಸರಿ, ಅದಕ್ಕೆ ಆಜ್ಞೆ ಕೊಡುವ ಫ್ಯಾನ್ ಸ್ವಿಚ್ ಕಡೆ ಹೋಗಿ. ಮೋಟಾರಿನ ಸಾಕೆಟ್ ಮತ್ತೆ ಕೂರಿಸಿ, ಎರಡು ವಯರಿನ ಸ್ವಿಚ್ಚಾದರೆ ಸ್ವಿಚ್ಚಿನ ಸಾಕೆಟ್ ತೆಗೆದು ಆ ಎರಡನ್ನೂ ತುಂಡು ವಯರಿನಿಂದ ಜೋಡಿಸಿ, ಇಗ್ನಿಷನ್ ಆನ್ ಮಾಡಿ. ಫ್ಯಾನ್ ತಿರುಗಿತೆಂದರೆ ಸ್ವಿಚ್ ಬದಲಿಸಬೇಕು. ಈ ಕೆಲಸದಲ್ಲಿ ಕೈ, ಪಂಚೆ, ಟವೆಲ್ಲು ಫ್ಯಾನಿನಿಂದ ದೂರವಿರಲಿ. ಕೆಲವು ಗಾಡಿಗಳಲ್ಲಿ ಕೀ ತೆಗೆದಿದ್ದರೂ ಫ್ಯಾನ್ ತಟ್ಟನೆ ಹತ್ತಿಕೊಳ್ಳುತ್ತದೆ.

ಹೊಸ ಮೋಟಾರ್ ಹಾಕಿಸಿದ ಮೇಲೆ ಬಿಸಿ ಇನ್ನೂ ಹೆಚ್ಚಾಯಿತೇ? ವಯರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿರಬಹುದು. ಒಂದು ಹಾಳೆ ದಿನಪತ್ರಿಕೆಯನ್ನು ಗ್ರಿಲ್ ಮುಂದೆ ಹಿಡಿಯಿರಿ. ಗಾಳಿ ಒಳಕ್ಕೆ ಎಳೆದು ಹಾಳೆ ಅಂಟಿಕೊಳ್ಳಬೇಕು. ಮುಖಕ್ಕೆ ಬೀಸಿದರೆ ಉಲ್ಟಾ.

ಬೆಲ್ಟ್ ಫ್ಯಾನ್ ಆದರೆ ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಹತ್ತರಿಂದ ಹನ್ನೆರಡು ಮಿಲಿಮೀಟರ್ ತಗ್ಗಿದರೆ ಸರಿ. ಅದಕ್ಕಿಂತ ಸಡಿಲವಿದ್ದರೆ ಬೆಲ್ಟ್ ಜಾರುತ್ತದೆ, ಬಹಳ ಗಾಡಿಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ ಎರಡೂ ಸೋಮಾರಿಯಾಗುತ್ತವೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಮುರಿದಿದೆಯೆಂದು ತೆಗೆದು ಬಿಸಾಕಿದ್ದರೂ ತೊಂದರೆಯೇ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಪಕ್ಕದಿಂದ ಎಳೆದುಕೊಳ್ಳುತ್ತದೆ.

ಊರೊಳಗೆ ಸರಿ, ಹೆದ್ದಾರಿಯಲ್ಲಿ ಬಿಸಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಹಳೆ ಕಾರುಗಳಿಗೂ ಒಂದೇ ಸಮ ಎಂಬತ್ತು-ತೊಂಬತ್ತರಲ್ಲಿ ಓಡುವ ಅಭ್ಯಾಸ ಬಂತು. ಮೊದಲಾದರೆ ಮದ್ದೂರು, ಮಂಡ್ಯ ಎಂದು ನಿಂತು ನಿಂತು ಹೋಗುವಾಗ ಎಂಜಿನ್ನಿಗೂ ಉಸಿರು ಸಿಗುತ್ತಿತ್ತು. ಈಗ ಗಂಟೆಗಟ್ಟಲೆ ಒಂದೇ ಬಿಸಿ. ಇಲ್ಲಿ ಗಾಳಿಗೆ ಕೊರತೆಯಿಲ್ಲ, ಹಾಗಾಗಿ ಫ್ಯಾನನ್ನು ಬೈದು ಫಲವಿಲ್ಲ. ನೀರಿನ ಹರಿವು ಸಾಲದು, ಅಥವಾ ರೇಡಿಯೇಟರ್ ಬಿಸಿ ಬಿಡುತ್ತಿಲ್ಲ.

ಹೊರಗಿನಿಂದ ಶುರು ಮಾಡಿ. ಏಸಿ ಇರುವ ಗಾಡಿಯಲ್ಲಿ ರೇಡಿಯೇಟರ್ ಮುಂದೆ ಏಸಿಯ ಕಂಡೆನ್ಸರ್, ಅಂದರೆ ಏಸಿಯದೇ ರೇಡಿಯೇಟರ್, ಇರುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛ. ಎರಡರ ನಡುವಿನ ಬೆರಳಗಲ ಸಂದಿನಲ್ಲಿ ಮಾತ್ರ ವರ್ಷಗಳ ಧೂಳು, ಹುಳ, ಭತ್ತದ ಹೊಟ್ಟು, ಕಬ್ಬಿನ ಸೋಗೆಯ ಚೂರು ಸೇರಿ ಕಂಬಳಿಯಾಗಿರುತ್ತದೆ. ಮಂಡ್ಯ ಕಡೆ ಕಬ್ಬು ಸಾಗುವ ರಸ್ತೆಗಳಲ್ಲಿ, ಒಕ್ಕಣೆಯ ದಿನಗಳಲ್ಲಿ ಓಡುವ ಗಾಡಿ, ಟ್ರ್ಯಾಕ್ಟರ್‌ಗಳಿಗೆ ಇದು ಮಾಮೂಲು. ಎಂಜಿನ್ ಕಡೆಯಿಂದ ಮುಂದಕ್ಕೆ, ಗಾಳಿ ಬರುವ ದಿಕ್ಕಿಗೆ ಎದುರಾಗಿ, ತೋಟದ ಪೈಪಿನ ಸಾಧಾರಣ ಒತ್ತಡದಲ್ಲಿ ನೀರು ಬಿಡಿ. ವಾಟರ್ ಸರ್ವೀಸಿನ ಗನ್ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಒಳಗಿನ ಕಟ್ಟು ಹುಡುಕಲು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ರೇಡಿಯೇಟರಿನ ಮೈಮೇಲೆ ಅಂಗೈಯನ್ನು ಹತ್ತಿರ ಹಿಡಿದು ಸರಿಸುತ್ತ ಹೋಗಿ. ಬಿಸಿ ಒಂದು ಕೊನೆಯಿಂದ ಇನ್ನೊಂದಕ್ಕೆ ಮೆಲ್ಲಗೆ ಇಳಿಯಬೇಕು. ನಡುವೆ ಎಲ್ಲೋ ಒಂದು ಪಟ್ಟಿ ತಣ್ಣಗಿದ್ದರೆ ಅಲ್ಲಿನ ನಳಿಕೆಗಳಲ್ಲಿ ನೀರು ಹರಿಯುತ್ತಿಲ್ಲ. ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇರುವ ಗ್ಯಾರೇಜಿನಲ್ಲಿ ಇದೇ ಕೆಲಸ ಎರಡು ನಿಮಿಷದ್ದು.

ಹೆದ್ದಾರಿಯ ಬಿಸಿಗೆ ಇನ್ನೊಂದು ಕಳ್ಳ ಕಾರಣ ಕೆಳಗಿನ ಹೋಸ್. ಪಂಪ್ ಅದರಿಂದ ನೀರು ಎಳೆಯುತ್ತದೆ. ಹೋಸ್ ಮುದಿಯಾಗಿ ಮೆತ್ತಗಾಗಿದ್ದರೆ ಎಂಜಿನ್ ರೇಸ್ ಆದಾಗ ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ಹಾಗೆ ಒಳಕ್ಕೆ ಅಂಟಿಕೊಳ್ಳುತ್ತದೆ. ನಿಂತಾಗ ನೋಡಿದರೆ ಏನೂ ಕಾಣದು. ಒಬ್ಬರು ಆಕ್ಸಿಲರೇಟರ್ ಒತ್ತಿ ಹಿಡಿದಾಗ ಇನ್ನೊಬ್ಬರು ಹೋಸ್ ಮೇಲೆ ಕಣ್ಣಿಡಬೇಕು.

ಸ್ಟಾರ್ಟ್ ಮಾಡಿದ ಹತ್ತು ನಿಮಿಷಕ್ಕೇ ಬಿಸಿ. ಇದು ನೀರೇ ಇಲ್ಲದ್ದು, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕಚ್ಚಿದ್ದು, ಪಂಪ್ ನೀರು ತಳ್ಳದ್ದು, ಇಲ್ಲವೇ ಹೆಡ್ ಗ್ಯಾಸ್ಕೆಟ್. ಮುಂದೆ ಬಿಡಿಸಿ ನೋಡೋಣ.

ಏರಿನಲ್ಲಿ ಮಾತ್ರ ಬಿಸಿ. ಒಂದೇ ದೊಡ್ಡ ತಪ್ಪಿರದೆ ನಾಲ್ಕು ಸಣ್ಣ ತಪ್ಪುಗಳು ಕೂಡಿರುವುದು ಹೆಚ್ಚು: ಅರೆಬರೆ ಕಟ್ಟಿದ ರೇಡಿಯೇಟರ್, ಸೋತ ಕ್ಯಾಪ್, ಹಿಂದಕ್ಕೆ ಸರಿದ ಇಗ್ನಿಷನ್ ಟೈಮಿಂಗ್ (ಪ್ಲಗ್ಗಿನ ಕಿಡಿ ತಡವಾಗಿ ಹೊಡೆಯುವುದು), ಕಚ್ಚಿ ಹಿಡಿಯುವ ಬ್ರೇಕ್. ಓಡಿಸುವ ರೀತಿಯೂ ಸೇರುತ್ತದೆ. ಪೆಟ್ರೋಲ್ ಉಳಿಸಲೆಂದು ಬೆಟ್ಟವನ್ನು ಮೂರನೇ ಗೇರಿನಲ್ಲೇ ಗುನುಗಿಸುತ್ತ ಹತ್ತಿದರೆ ಎಂಜಿನ್ನಿಗೆ ಹೊರೆ ಹೆಚ್ಚು, ಪಂಪಿನ ತಿರುಗು ಕಡಿಮೆ. ಎರಡನೇ ಗೇರಿಗೆ ಇಳಿಸಿದರೆ ಸದ್ದು ಹೆಚ್ಚಾದರೂ ಪಂಪ್ ಜೋರಾಗುತ್ತದೆ, ಬೆಲ್ಟ್ ಫ್ಯಾನ್ ಆದರೆ ಅದೂ ಜೋರಾಗುತ್ತದೆ.

ಮುಳ್ಳು ಮಾತ್ರ ಬಿಸಿ, ಎಂಜಿನ್ ಅಲ್ಲ. ಕೀ ಆನ್ ಮಾಡಿದ ಕೂಡಲೇ, ತಣ್ಣನೆ ಎಂಜಿನ್ನಿನಲ್ಲೇ, ಮುಳ್ಳು ಕೆಂಪಿಗೆ ಹೋದರೆ ಸೆನ್ಸರ್ ವಯರ್ ಬಾಡಿಗೆ ತಾಗುತ್ತಿರಬಹುದು, ಇಲ್ಲವೇ ಸೆನ್ಸರ್ ಅಥವಾ ಮೀಟರ್ ಕೆಟ್ಟಿರಬಹುದು. ಸೆನ್ಸರಿನ ಬಳಿ ವಯರ್ ಕಿತ್ತರೆ ಮುಳ್ಳು ತಣ್ಣನೆ ಕಡೆಗೆ ಬೀಳಬೇಕು. ಬಿದ್ದರೆ ಸೆನ್ಸರ್ ಕೆಟ್ಟಿದೆ, ಬೀಳದಿದ್ದರೆ ವಯರ್ ಅಥವಾ ಮೀಟರ್. ಕೆಲವು ಹಳೆ ಗಾಡಿಗಳಲ್ಲಿ ಬಿಸಿಯ ಮುಳ್ಳು, ಪೆಟ್ರೋಲಿನ ಮುಳ್ಳು ಎರಡೂ ಒಟ್ಟಿಗೇ ಮೇಲೆ ಹಾರುತ್ತವೆ. ಮೀಟರಿನ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್ ಹೋಗಿದೆಯೆಂದು ತಿಳಿಯಿರಿ, ಎಂಜಿನ್ ಬಿಚ್ಚಬೇಡಿ.

## ಗಾಡಿ ನೀರು ಕುಡಿಯುತ್ತಿದ್ದರೆ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಕ್ಯಾಪ್ ತೆಗೆದೇ ನೋಡಿ. ಬಾಟಲಿಯ ಗೆರೆ ನಂಬಬೇಡಿ. ಕ್ಯಾಪಿನ ವಾಲ್ವ್ ಕಚ್ಚಿದ್ದರೆ ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ.

ನೀರು ಕಡಿಮೆಯಾಗುತ್ತಿದ್ದರೆ ಸೋರಿದ ಕಡೆ ಬಿಳಿ ಅಥವಾ ಹಸಿರು ಹುಡಿ ಕಟ್ಟಿರುತ್ತದೆ. ಹೋಸ್ ಕ್ಲಿಪ್ಪುಗಳು, ರೇಡಿಯೇಟರಿನ ಟ್ಯಾಂಕ್ ಸೇರುವ ಅಂಚು, ಬ್ಲಾಕಿನ ಪಕ್ಕದ ದುಂಡನೆಯ ಡಮ್ಮಿ ಪ್ಲಗ್ಗುಗಳು ಮಾಮೂಲು ಜಾಗಗಳು. ವಾಟರ್ ಪಂಪಿನ ಅಡಿಯಲ್ಲಿ ಒಂದು ಪುಟ್ಟ ತೂತಿದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಒಳಗಿನ ಸೀಲ್ ಸವೆದಿದೆ. ಆ ತೂತಿರುವುದೇ ಇದನ್ನು ತಿಳಿಸಲು, ಎಂ-ಸೀಲ್ ಹಾಕಿ ಮುಚ್ಚಿದರೆ ನೀರು ಬೇರಿಂಗಿಗೆ ಹೋಗುತ್ತದೆ. ಮುಂದಿನ ಸೀಟಿನ ಕಾಲಡಿ ಮ್ಯಾಟ್ ಒದ್ದೆ, ಗಾಜಿಗೆ ಜಿಡ್ಡು ಮಂಜು, ಸಿಹಿ ವಾಸನೆ ಇದ್ದರೆ ಹೀಟರ್ ಸೋರುತ್ತಿದೆ.

ಕಣ್ಣಿಗೆ ಕಾಣದಿದ್ದರೆ ಪ್ರೆಶರ್ ಟೆಸ್ಟರ್ ಕೇಳಿ. ಸೈಕಲ್ ಪಂಪಿನಂಥ ಉಪಕರಣ ಅದು. ಕ್ಯಾಪಿನ ಜಾಗಕ್ಕೆ ಕೂರಿಸಿ ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಹೊಡೆದು ಹತ್ತು ನಿಮಿಷ ಬಿಡುತ್ತಾರೆ. ಒತ್ತಡ ನಿಂತರೆ ಹೊರಗೆ ಸೋರಿಕೆ ಇಲ್ಲ. ಆದರೂ ಗಾಡಿ ನೀರು ಕುಡಿಯುತ್ತಿದ್ದರೆ ಅದು ಎಂಜಿನ್ನಿನೊಳಗೇ ಹೋಗುತ್ತಿರಬಹುದು.

ಸಣ್ಣ ತೂತಿಗೆ ಅರಿಸಿನ ಪುಡಿ ಹಾಕುವುದು ಲಾರಿ ಡ್ರೈವರ್‌ಗಳ ಹಳೆ ಉಪಾಯ. ನಡುರಾತ್ರಿ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಅದು ಊರು ಮುಟ್ಟಿಸಬಹುದು. ಆದರೆ ತೂತು ಮುಚ್ಚುವ ಪುಡಿ ತೂತನ್ನಷ್ಟೇ ಮುಚ್ಚುವುದಿಲ್ಲ, ನಳಿಕೆಗಳನ್ನೂ ಮುಚ್ಚುತ್ತದೆ. ಅಂಗಡಿಯ ಲೀಕ್ ಸ್ಟಾಪ್ ಪುಡಿಗಳಿಗೂ ಇದೇ ಮಾತು.

## ಥರ್ಮೋಸ್ಟಾಟ್: ಕೀಳುವ ಮೊದಲು ಕುದಿಸಿ ನೋಡಿ

ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸಿನ ಮೇಲೆ ಕೈಯಿಡಿ. ಆರೇಳು ನಿಮಿಷ ಅದು ತಣ್ಣಗೋ ಉಗುರು ಬೆಚ್ಚಗೋ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಕೈ ಇಡಲಾಗದಷ್ಟು ಬಿಸಿಯಾದರೆ ತೂಬು ತೆರೆಯಿತು. ಮುಳ್ಳು ಕೆಂಪಿಗೆ ಹೋದರೂ ಹೋಸ್ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಕಚ್ಚಿದೆ, ಇಲ್ಲವೇ ಪಂಪಿನ ಒಳಗಿನ ರೆಕ್ಕೆ ತುಕ್ಕು ಹಿಡಿದು ಸವೆದಿದೆ. ಮೊದಲ ನಿಮಿಷದಿಂದಲೇ ಹೋಸ್ ಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಅಥವಾ ಹಿಂದೆ ಯಾರೋ ಕಿತ್ತು ಹಾಕಿದ್ದಾರೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ ಇರುತ್ತದೆ, ಅಂಥಲ್ಲಿ ಅದೇ ಹೋಸನ್ನು ಮುಟ್ಟಿ ನೋಡಬೇಕು.

ಬಿಚ್ಚಿದ ಥರ್ಮೋಸ್ಟಾಟನ್ನು ಒಲೆಯ ಮೇಲೆ ಪರೀಕ್ಷಿಸಬಹುದು. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರು ತುಂಬಿ, ದಾರ ಕಟ್ಟಿ ತಳಕ್ಕೆ ತಾಗದಂತೆ ತೂಗುಬಿಡಿ. ಜೊತೆಗೆ 100 ಡಿಗ್ರಿಯವರೆಗಿನ ಥರ್ಮಾಮೀಟರ್ ಇಳಿಬಿಡಿ. ಮೈಮೇಲೆ ಒತ್ತಿರುವ ಅಂಕಿಯ ಹತ್ತಿರ, 82 ಎಂದಿದ್ದರೆ ಒಂದೆರಡು ಡಿಗ್ರಿ ಆಚೀಚೆ, ಅದು ಬಾಯಿ ಬಿಡಲು ಶುರುಮಾಡಬೇಕು. ನೀರು ಕುದಿಯುವ ಹೊತ್ತಿಗೆ ಸುಮಾರು ಎಂಟು ಮಿಲಿಮೀಟರ್ ತೆರೆದಿರಬೇಕು. ಕೂದಲೆಳೆಯಷ್ಟು ತೆರೆದು ನಿಂತರೆ ಊರೊಳಗೆ ನಡೆದೀತು, ಬೆಟ್ಟದಲ್ಲಿ ಕೈಕೊಡುತ್ತದೆ.

"ನಮ್ಮ ಊರಿನ ಸೆಕೆಗೆ ಥರ್ಮೋಸ್ಟಾಟ್ ಬೇಡ" ಎಂಬ ಮಾತು ಗ್ಯಾರೇಜುಗಳಲ್ಲಿ ವೇದವಾಕ್ಯವಾಗಿದೆ. ಅದು ಸರಿಯಲ್ಲ. ಕಿತ್ತರೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್‌ನಲ್ಲಿ ತೇವ ಉಳಿದು ಕೆಸರಾಗುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಇನ್ನೂ ವಿಚಿತ್ರವೆಂದರೆ ಕೆಲವು ಎಂಜಿನ್‌ಗಳಲ್ಲಿ ಕಿತ್ತ ಮೇಲೆ ಬಿಸಿ ಹೆಚ್ಚುತ್ತದೆ. ಅವುಗಳ ಥರ್ಮೋಸ್ಟಾಟಿಗೆ ಕೆಳಗೆ ಇನ್ನೊಂದು ತಟ್ಟೆ ಇರುತ್ತದೆ. ಮೇಲಿನ ಬಾಯಿ ತೆರೆದಾಗ ಈ ತಟ್ಟೆ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಪೂರ್ತಿ ಕಿತ್ತರೆ ಆ ದಾರಿ ಸದಾ ತೆರೆದಿರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಕಾಣದೆ ಎಂಜಿನ್ನಿಗೇ ವಾಪಸಾಗುತ್ತದೆ.

## ಬೋರ್ ನೀರು ಮಾಡುವ ಕೆಲಸ

ಮಂಡ್ಯ, ಮೈಸೂರು ಸೀಮೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಬಚ್ಚಲಮನೆಯ ಹಂಡೆಯೊಳಗೆ ಕೈಯಾಡಿಸಿದರೆ ಸಿಗುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ ಪೊರೆ ರೇಡಿಯೇಟರಿನ ಪೆನ್ಸಿಲಿಗಿಂತ ಸಪೂರವಾದ ನಳಿಕೆಗಳಲ್ಲೂ, ಸಿಲಿಂಡರಿನ ಸುತ್ತಲಿನ ದಾರಿಗಳಲ್ಲೂ ಕಟ್ಟುತ್ತದೆ. ಹಂಡೆಗೆ ಪೊರೆ ಕಟ್ಟಿದರೆ ಸೌದೆ ಹೆಚ್ಚು ಬೇಕು, ಉರಿಯ ಕಾವು ನೀರಿಗೆ ಸರಿಯಾಗಿ ದಾಟುವುದಿಲ್ಲ. ಇಲ್ಲೂ ಬಿಸಿ ಲೋಹದಲ್ಲೇ ಉಳಿಯುತ್ತದೆ.

ತುಕ್ಕು ಬೇರೆ. ಬಹಳಷ್ಟು ಹಳೆ ಎಂಜಿನ್‌ಗಳಲ್ಲಿ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ತಾಮ್ರ-ಹಿತ್ತಾಳೆ. ಉಪ್ಪಿನ ಅಂಶವಿರುವ ನೀರಿನಲ್ಲಿ ಬೇರೆ ಬೇರೆ ಲೋಹ ಮುಳುಗಿದರೆ ಅದು ಬ್ಯಾಟರಿಯೇ ಆಯಿತು, ಬಡಪಾಯಿ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಕೂಲಂಟ್ ಎಂದರೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಮತ್ತು ತುಕ್ಕು ತಡೆಯುವ ಮದ್ದು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಹಾಗಾಗಿ ಕೂಲಂಟ್ ಬೇಡ ಎನ್ನುವವರು ಈ ಮದ್ದಿನ ಲೆಕ್ಕ ಮರೆಯುತ್ತಾರೆ.

ಗಟ್ಟಿ ಕೂಲಂಟ್ ಆದರೆ ನೂರಕ್ಕೆ ಮೂವತ್ತರಿಂದ ಐವತ್ತು ಪಾಲು, ಉಳಿದದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಸಣ್ಣ ಕಾರಿಗೆ ಒಟ್ಟು ನಾಲ್ಕು ಲೀಟರಿನ ಆಸುಪಾಸು ಹಿಡಿಯುತ್ತದೆ, ಜೀಪಿನಂಥವಕ್ಕೆ ಅದರ ಎರಡರಷ್ಟು. ಬೆರೆಸಿಯೇ ಮಾರುವ ರೆಡಿಮಿಕ್ಸ್‌ಗೆ ಮತ್ತೆ ನೀರು ಸೇರಿಸಬಾರದು. ಹಸಿರು, ಕೆಂಪು ಎಂದು ಬೇರೆ ಬೇರೆ ಜಾತಿಯದನ್ನು ಬೆರೆಸಿದರೆ ಕೆಲವು ಸಲ ಗಂಜಿಯಾಗುತ್ತದೆ. ಮಾಮೂಲು ಹಸಿರು ಕೂಲಂಟಿನ ಮದ್ದು ಎರಡು ವರ್ಷಕ್ಕೆ ಸಾಯುತ್ತದೆ, ಬಣ್ಣ ಚೆನ್ನಾಗಿದ್ದರೂ ಬದಲಿಸಬೇಕು.

ಕಟ್ಟಿದ ರೇಡಿಯೇಟರ್ ತಾಮ್ರ-ಹಿತ್ತಾಳೆಯದಾದರೆ ಬೆಸುಗೆ ಬಿಚ್ಚಿ, ಟ್ಯಾಂಕ್ ತೆಗೆದು, ನಳಿಕೆಗಳಿಗೆ ತೆಳು ಪಟ್ಟಿ ಹಾಯಿಸಿ ಶುಚಿ ಮಾಡುವವರು ಇನ್ನೂ ಇದ್ದಾರೆ. "ರಾಡ್ ಹೊಡೆಸುವುದು" ಎನ್ನುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಈ ಚಿಕಿತ್ಸೆ ಇಲ್ಲ, ಬದಲಿಸಬೇಕು. ಬಚ್ಚಲು ತೊಳೆಯುವ ಆಸಿಡ್ ಹಾಕಿ ಪೊರೆ ತೆಗೆಯುತ್ತೇವೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ, ಪೊರೆಗಿಂತ ಮೊದಲು ಅಲ್ಯೂಮಿನಿಯಂ ಹೋಗುತ್ತದೆ.

ನೀರು ಬದಲಿಸಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡರೆ ಹೊಸ ತಲೆನೋವು. ಮುಳ್ಳು ಏರುತ್ತದೆ, ಇಳಿಯುತ್ತದೆ, ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣಗೆ. ಓಮ್ನಿಯಲ್ಲಿ ಎಂಜಿನ್ ಸೀಟಿನಡಿ, ರೇಡಿಯೇಟರ್ ಮುಂದೆ. ನಡುವಿನ ಉದ್ದ ಪೈಪುಗಳಲ್ಲಿ ಗಾಳಿ ನಿಲ್ಲುವುದು ಹೆಚ್ಚು. ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಕ್ಯಾಪ್ ತೆಗೆದಿರುವಾಗಲೇ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಗುಳ್ಳೆ ನಿಲ್ಲುವವರೆಗೆ ಮೇಲಿಂದ ಮೇಲೆ ಕೂಲಂಟ್ ಹಾಕುತ್ತಿರಿ. ಹೋಸ್ ಬಿಸಿಯಾಗಿ ನೀರು ಉಕ್ಕಲು ಶುರುವಾದ ಕೂಡಲೇ ಕ್ಯಾಪ್ ಮುಚ್ಚಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ ತುಂಬಿಸಿ.

## ಹೆಡ್ ಗ್ಯಾಸ್ಕೆಟ್: ಸಾಕ್ಷಿ ಸಿಕ್ಕ ಮೇಲೆ ಮಾತ್ರ ಬಿಚ್ಚಿಸಿ

ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ತೆಳು ಪದರವೇ ಹೆಡ್ ಗ್ಯಾಸ್ಕೆಟ್. ಉರಿ, ನೀರು, ಆಯಿಲ್ ಮೂರನ್ನೂ ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಅದು ಸುಟ್ಟರೆ ಸಿಲಿಂಡರಿನ ಉರಿಗಾಳಿ ನೀರಿಗೆ ನುಗ್ಗುತ್ತದೆ.

ಸಾಕ್ಷಿಗಳು ಸ್ಪಷ್ಟ. ರಾತ್ರಿಯಿಡೀ ತಣ್ಣಗಾದ ಎಂಜಿನ್ ಸ್ಟಾರ್ಟ್ ಮಾಡಿ ಒಂದೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನಂತಾದರೆ ಆ ಒತ್ತಡ ಬಿಸಿಯದಲ್ಲ, ಉರಿಗಾಳಿಯದು. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದಾಗ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಅನುಮಾನ ಬಲವಾಗುತ್ತದೆ. ಬೆಳಗಿನ ಚಳಿಯಲ್ಲಿ ಸೈಲೆನ್ಸರಿನಿಂದ ಬಿಳಿ ಆವಿ ಬರುವುದು ಸಹಜ, ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಸಹಜವಲ್ಲ. ಆಯಿಲ್ ಕಡ್ಡಿ ಎಳೆದಾಗ ಹಾಲು ಹೆಚ್ಚಾದ ಕಾಫಿಯ ಬಣ್ಣ ಕಂಡರೆ ನೀರು ಆಯಿಲಿಗೆ ಸೇರಿದೆ, ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಆಯಿಲ್ ಮುಚ್ಚಳದಡಿ ಮಾತ್ರ ಚೂರು ನೊರೆ ಇದ್ದರೆ ಅದು ಬರೀ ತೇವವಿರಬಹುದು.

ಖಚಿತಕ್ಕೆ ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ ಪೆಟ್ರೋಲ್ ಗಾಡಿಯಲ್ಲಿ ಹಳದಿಗೆ, ಡೀಸೆಲ್‌ನಲ್ಲಿ ಹಸಿರಿಗೆ ತಿರುಗಿದರೆ ಉರಿಗಾಳಿ ಸೇರುತ್ತಿದೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದಾಗ ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಒಟ್ಟಿಗೇ ಕಡಿಮೆ ಬಂದರೆ ಅವೆರಡರ ನಡುವೆಯೇ ಗ್ಯಾಸ್ಕೆಟ್ ಸುಟ್ಟಿದೆ.

ಹೆಡ್ ಇಳಿಸಿದ ಮೇಲೆ ಗ್ಯಾಸ್ಕೆಟ್ ಬದಲಿಸಿ ಕೂರಿಸಿದರೆ ಸಾಲದು. ನೇರಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ತೂರಿಸಿ ಬೆಂಡ್ ಅಳೆಯಬೇಕು. ಸಣ್ಣ ಅಲ್ಯೂಮಿನಿಯಂ ಹೆಡ್‌ಗಳಿಗೆ ಸಾಮಾನ್ಯವಾಗಿ 0.05 ಮಿಲಿಮೀಟರ್ ಮಿತಿ, ಅಂದರೆ ತಲೆಗೂದಲಿನ ದಪ್ಪವೂ ಅಲ್ಲ. ಮೀರಿದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್, ಅಂದರೆ ಮೈ ಸಮ ಮಾಡಿಸುವುದು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು, ಎರಡು-ಮೂರು ಹಂತದಲ್ಲಿ ಬಿಗಿಯಬೇಕು. ಗ್ಯಾರೇಜಿನವರು "ಕೈ ಅಂದಾಜು ಸಾಕು" ಎಂದರೆ ಬೇರೆ ಗ್ಯಾರೇಜು ನೋಡಿ. ಗ್ಯಾಸ್ಕೆಟ್ ಸುಟ್ಟಿದ್ದು ಬಿಸಿಯಿಂದ, ಆ ಬಿಸಿಗೆ ಮೂಲ ಕಾರಣ ಇನ್ನೂ ಕ್ಯಾಪಿನಲ್ಲೋ ಫ್ಯಾನಿನಲ್ಲೋ ರೇಡಿಯೇಟರಿನಲ್ಲೋ ಕೂತಿರುತ್ತದೆ. ಅದನ್ನು ಬಿಟ್ಟು ಹೆಡ್ ಮಾತ್ರ ಮಾಡಿಸಿದವರು ಆರು ತಿಂಗಳಿಗೆ ಮತ್ತೆ ಅದೇ ಬಾಗಿಲಿಗೆ ಬರುತ್ತಾರೆ.

## ಇಳಿಸಿದ ಹಳೆ ಕೂಲಂಟ್

ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿಗೆ ಸಿಹಿ. ನಾಯಿ, ಹಸು, ಕರು ಖುಷಿಯಿಂದ ನೆಕ್ಕುತ್ತವೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರೇಡಿಯೇಟರ್ ಕೆಳಗೆ ಅಗಲ ಬಾಂಡ್ಲಿ ಇಟ್ಟು ಇಳಿಸಿ, ಕೂಡಲೇ ಮುಚ್ಚಳವಿರುವ ಕ್ಯಾನಿಗೆ ತುಂಬಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಚರಂಡಿಗೆ, ಕೆರೆಗೆ, ದನದ ಕೊಟ್ಟಿಗೆಯ ಪಕ್ಕದ ಗುಂಡಿಗೆ ಸುರಿಯಬೇಡಿ. ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಬೇರೆ ಕ್ಯಾನಿನಲ್ಲೇ ಕೊಡಿ, ಆಯಿಲ್ ಜೊತೆ ಬೆರೆಸಬೇಡಿ. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರಳೋ ಮರದ ಹೊಟ್ಟೋ ಹಾಕಿ ಗುಡಿಸಿ ತೆಗೆದು, ಆ ಜಾಗಕ್ಕೆ ಎರಡು ಬಕೆಟ್ ನೀರು ಹೊಯ್ಯಿರಿ.